ಸುವರ್ಣಾನ್ವೇಷಣವೂ ಶೇಷವದನುಮಾನವೂ

೧

ತರ್ಕಶಾಸ್ತ್ರವನ್ನು ಓದಲು ತೊಡಗಿದ ಬಾಲಕನಿಗೆ ಗುರುಗಳು ಮೊದಮೊದಲು ಹೇಳಿಕೊಡುವ ದೃಷ್ಟಾಂತಗಳಲ್ಲಿ ತುಂಬಿ ಹರಿಯುವ ಹೊಳೆಯದೂ ಒಂದು. ಹೊಳೆಯ ನೀರು ನಿನ್ನೆಯಂತಿಲ್ಲದೆ ಇಂದು ದಡ ಮೀರಿ, ಕೆಂಪೇರಿ, ವೇಗವಾಗಿ ಹರಿಯುತ್ತಿದ್ದರೆ ಮೇಲುಸೀಮೆಯಲ್ಲಿ ಮಳೆಯಾಗಿರಬೇಕೆಂದು ಊಹಿಸುತ್ತೇವೆ. ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವ ಈ ಬಗೆಯನ್ನು ನ್ಯಾಯಶಾಸ್ತ್ರಜ್ಞರು ಶೇಷವದನುಮಾನವೆಂದು ಕರೆದಿರುತ್ತಾರೆ. ಗೌತಮನ ಸೂತ್ರಕ್ಕೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು ಕೊಟ್ಟಿರುವ ಉದಾಹರಣೆಯೇ ಇದು. ನಾನು ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡಿದಾಗ ಇದರಿಂದ ಲೋಕದಲ್ಲಿ ಆಗತಕ್ಕ ಪ್ರಯೋಜನವೇನೆಂಬ ಯೋಚನೆಯು ಹುಟ್ಟಿರಲಿಲ್ಲ. ನೆಲದೊಳಗೆ ಅಡಗಿರುವ ಹೊನ್ನನ್ನು ಹುಡುಕುವವರು ಪ್ರಾಚೀನಕಾಲದಿಂದ ಇಂದಿನವರೆಗೂ ಆಶ್ರಯಿಸಿರುವ ಪ್ರಮಾಣವು ಇದೇ ಆಗಿದೆಯೆಂದು ಬಹುಕಾಲದ ಮೇಲೆ ತಿಳಿದುಬಂದಿತು. ಕನ್ನಡನಾಡಿನ ಸುವರ್ಣಾನ್ವೇಷಣದ ಚರಿತ್ರೆಯನ್ನು ಈ ದೃಷ್ಟಿಯಿಂದ ವಿಚಾರಿಸಿ, ಹಿಮದೇಶಗಳಲ್ಲಿ ನಡೆಯುವ ಅನ್ವೇಷಣಕ್ರಮದೊಡನೆ ಅದನ್ನು ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಆ ದೃಷ್ಟಾಂತಕ್ಕೆ ಒಂದು ಆಕ್ಷೇಪವೂ ಉಂಟು. ಅದನ್ನು ಸೂತ್ರಕಾರನೇ ದ್ವಿತೀಯಾಧ್ಯಾಯದಲ್ಲಿ ಎತ್ತಿರುತ್ತಾನೆ. ಮುಂದೆ ಎಲ್ಲಿಯೋ ಕಟ್ಟೆ ಹಾಕಿ ನೀರನ್ನು ತಡೆದರೂ ಹೊಳೆ ತುಂಬೀತು. ಗೂಡು ಕೆಟ್ಟರೂ ಇರುವೆಗಳು ಮೊಟ್ಟೆಗಳನ್ನು ಹೊತ್ತು ಹೊರಟಾವು. ಮನುಷ್ಯನೇ ನವಿಲಿನಂತೆ ಕೂಗಿಯಾನು. ಇವುಗಳಿಂದ ಮಳೆಯನ್ನು ಊಹಿಸುವುದು ಹೇಗೆ ಸರಿಯಾದೀತು? ಸಮಾಧಾನವೂ ಅಲ್ಲಿಯೇ ಇದೆ. ನೀರು ಹೆಚ್ಚಿದ ಮಾತ್ರಕ್ಕೆ ಯಾರೂ ಮಳೆಯನ್ನು ಊಹಿಸುವುದಿಲ್ಲ. ಪ್ರವಾಹದ ವೇಗ, ನೊರೆ, ತೇಲಿ ಬರುವ ಹಣ್ಣು ಎಲೆ ಕಟ್ಟಿಗೆಗಳು, ಇವುಗಳಿಂದ ವಿಶಿಷ್ಟವಾದ ತುಂಬು ಹೊಳೆಯೇ ಹೇತು. ಬರಿಯ ಚಿಹ್ನವಲ್ಲ, ವಿಶೇಷಣಸಹಿತವಾದ ಚಿಹ್ನವೇ ಅನುಮಾನಕ್ಕೆ ಸಾಧನವೆಂಬುದು ತಾತ್ಪರ್ಯ.

ಈ ಆಕ್ಷೇಪವು ಶುಷ್ಕವಾದವಲ್ಲವೆಂಬುದಕ್ಕೆ ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಾಸಿಸುವ ನಮಗೆ ದೂರ ಹೋಗಬೇಕಾದುದಿಲ್ಲ. ಕೆಂಗೇರಿಯನ್ನು ಹಾದು ಅರ್ಕಾವತಿಯನ್ನು ಸೇರುವ ವೃಷಭಾವತಿಯು ಕಡುಬೇಸಗೆಯಲ್ಲಿಯೂ ಬತ್ತುವುದಿಲ್ಲ. ಅದನ್ನು ನೋಡಿ ಮೇಲೆ ಮಳೆಯಾಯಿತೆಂದು ಹೇಳುವವನು ನಗೆಗೀಡಾಗುವನು. ಅದು ಪಟ್ಟಣದ ಚರಂಡಿಗಳ ನೀರು. ಅದರ ಮಡ್ಡಿಯನ್ನು ಎತ್ತಿ ಪರೀಕ್ಷಿಸಿದ ವಿಜ್ಞಾನಿಗಳು ಅದರಲ್ಲಿ ಭಾರಲೋಹಗಳನ್ನು ಕಂಡಿರುತ್ತಾರೆ. ಆ ಲೋಹಗಳನ್ನು ನೋಡಿ ಮೇಲೆ ಎಲ್ಲಿಯೋ ಅದಿರಿನ ಬೆಟ್ಟವಿದೆಯೆಂದರೆ ಅದೂ ತಪ್ಪು, ಮೇಲಿರುವುದು ಕಾರ್ಖಾನೆಗಳು. ಹೊಳೆಯು ಸುಳ್ಳು ಹೇಳುವುದಿಲ್ಲ, ದಿಟ. ಅದರ ಮಾತನ್ನು ತಿಳಿಯಬೇಕಾದರೆ ದಾರಿಯಲ್ಲಿ ಅದಕ್ಕೆ ಏನೇನು ಸೇರಿತೆಂಬುದನ್ನು ತಿಳಿದಿರಬೇಕು.

೨

ಲೋಹಾನ್ವೇಷಣದ ವಿಷಯವಾಗಿ ನಮ್ಮಲ್ಲಿ ದೊರೆಯುವ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲೀಯ ಅರ್ಥಶಾಸ್ತ್ರವು ಮುಖ್ಯವಾದುದು. ಇದರ ತಾಳೆಯೋಲೆಯ ಪ್ರತಿಯು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಸಂಪೂರ್ಣವಾದ ಇಂಗ್ಲಿಷ್ ಅನುವಾದವೂ ಪ್ರಕಟವಾದುವೆಂಬುದು ಸರ್ವವಿದಿತ. ಇದರ ಎರಡನೆಯ ಅಧಿಕರಣದಲ್ಲಿ ಆಕರಾಧ್ಯಕ್ಷನ, ಎಂದರೆ ಗಣಿಗಳ ಅಧಿಕಾರಿಯ, ಕರ್ತವ್ಯಗಳನ್ನು ಹೇಳುವಾಗ ಗಣಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದೆ. ಹಿಂದೆ ತೋಡಿ ಬಿಟ್ಟುದು ಒಂದು. ಹಿಂದೆ ತೋಡದೆ ಇದ್ದುದು ಇನ್ನೊಂದು. ಮೊದಲನೆಯದಕ್ಕೆ ಲಿಂಗಗಳು ಕಿಟ್ಟ, ಮೂಸೆ, ಇದ್ದಿಲು ಮತ್ತು ಬೂದಿ. ಎರಡನೆಯದಕ್ಕೆ ಲಿಂಗಗಳು ಮಣ್ಣು ಕಲ್ಲು ದ್ರವಗಳಲ್ಲಿ ಕಂಡುಬರುವ ಅತಿಶಯವಾದ ಬಣ್ಣ, ಅತಿಶಯವಾದ ತೂಕ, ತೀಕ್ಷ್ಣವಾದ ವಾಸನೆ ಮತ್ತು ರುಚಿ. ಮುಂದಿನ ಅಧ್ಯಾಯದಲ್ಲಿ ಸುವರ್ಣದ ಭೇದಗಳನ್ನು ಹೇಳುವಾಗ ಜಾಂಬೂನದ, ಶಾತಕುಂಭ, ಹಾಟಕ, ವೈಣವ, ಶೃಂಗಶುಕ್ತಿಜ ಎಂಬ ಹೆಸರುಗಳನ್ನೂ, ಜಾತರೂಪ, ರಸವಿದ್ಧ, ಆಕರೋದ್ಗತ ಎಂಬ ಮೂರು ಉತ್ಪತ್ತಿಗಳನ್ನೂ ಎಣಿಸಿದೆ. ಜಾಂಬೂನದವೆಂಬ ಹೆಸರು ನದಿಯನ್ನೂ ಆಕರೋದ್ಗತವೆಂಬುದು ಗಣಿಯನ್ನೂ ಸೂಚಿಸುವುದರಿಂದ, ಹೊಳೆಯಲ್ಲಿ ದೊರೆಯುವ ಹೊನ್ನು ಮತ್ತು ಕಲ್ಲನ್ನು ಒಡೆದು ತೆಗೆಯುವ ಹೊನ್ನು ಎಂಬ ಭೇದವು ಆ ಕಾಲದವರಿಗೆ ಗೊತ್ತಿದ್ದಿತೆಂದು ಹೇಳಬಹುದು.

ಮಹಾಭಾರತದ ಸಭಾಪರ್ವದಲ್ಲಿ ಉತ್ತರದ ಪರ್ವತವಾಸಿಗಳು ಯುಧಿಷ್ಠಿರನಿಗೆ ತಂದ ಕಪ್ಪಗಳಲ್ಲಿ ಪಿಪೀಲಿಕವೆಂಬ ಹೊನ್ನೂ ಸೇರಿದೆ. ಇರುವೆಗಳು ತೋಡಿ ತೆಗೆದುದರಿಂದ ಅದಕ್ಕೆ ಆ ಹೆಸರು. ಯವನ ಇತಿಹಾಸಕಾರನಾದ ಹೆರೊಡೋಟಸನೂ ಹೊನ್ನು ತೋಡುವ ಇರುವೆಗಳ ಕಥೆಯನ್ನು ಬರೆದಿರುವುದುಂಟು. ಹುತ್ತದ ಮಣ್ಣು ಆಳದಿಂದ ಬಂದುದಾದುದರಿಂದ ಕೆಳಗೆ ಏನಿದೆಯೆಂಬುದನ್ನು ಅದು ಹೇಳಬಲ್ಲುದು. ಇದನ್ನು ನಂಬಿಯೇ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲ ಪ್ರಕರಣದಲ್ಲಿ ಹುತ್ತಗಳನ್ನು ನೀರಿನ ಚಿಹ್ನಗಳಾಗಿ ಪರಿಗಣಿಸಿದ್ದಾನೆ. ಈಗಿನ ಲೋಹಾನ್ವೇಷಕರೂ ಹುತ್ತದ ಮಣ್ಣನ್ನು ತೆಗೆದು ಪರೀಕ್ಷಿಸುವುದುಂಟು. ಆಸ್ಟ್ರೇಲಿಯಾದ ಪಶ್ಚಿಮಭಾಗದಲ್ಲಿ ಈ ಬಗೆಯ ಪರೀಕ್ಷೆಯಿಂದ ಆಳದ ಹೊನ್ನಿನ ಸುಳಿವು ದೊರೆತಿದೆ.

ಇಷ್ಟರಿಂದ ನಮ್ಮ ಪೂರ್ವಿಕರಿಗೆ ಇಂದಿನ ಭೂರಸಾಯನಶಾಸ್ತ್ರವೆಲ್ಲವೂ ತಿಳಿದಿದ್ದಿತೆಂದು ಹೇಳಲು ನಾನು ಸಿದ್ಧನಲ್ಲ. ಹಾಗೆ ಹೇಳುವವರು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಉಪಕಾರ ಮಾಡಿದಂತಾಗುವುದಿಲ್ಲ. ಕೌಟಿಲ್ಯನ ಅಧಿಕಾರಿಗೆ ಕಣ್ಣು, ಮೂಗು, ನಾಲಿಗೆ ಮತ್ತು ತಕ್ಕಡಿಗಳೇ ಉಪಕರಣಗಳು. ಇಂದಿನವರು ನೂರು ಕೋಟಿ ಭಾಗ ಮಣ್ಣಿನಲ್ಲಿ ಕೆಲವೇ ಭಾಗಗಳಷ್ಟಿರುವ ಹೊನ್ನನ್ನು ಅಳೆಯುತ್ತಾರೆ. ಚಿಹ್ನದ ಸೂಕ್ಷ್ಮತೆಯಲ್ಲಿ ಅಜಗಜಾಂತರವಿದೆ; ಚಿಹ್ನದಿಂದ ಮೂಲಕ್ಕೆ ನಡೆಯುವ ಬುದ್ಧಿಯ ದಾರಿ ಮಾತ್ರ ಒಂದೇ.

೩

ಶಾಮಶಾಸ್ತ್ರಿಗಳ ಅನುವಾದವು ಹೊರಬಂದ ೧೯೧೫ರಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಹೊನ್ನಿನ ಸುಳಿವನ್ನು ಅರಸುತ್ತ ಬೆಟ್ಟಗಳಲ್ಲಿ ತಿರುಗುತ್ತಿದ್ದಾಗ ಬ್ರಾಹ್ಮೀ ಲಿಪಿಯ ಶಾಸನವೊಂದನ್ನು ಕಂಡರು. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದುವು. ಅಶೋಕನೆಂಬ ಹೆಸರನ್ನು ಸ್ಪಷ್ಟವಾಗಿ ತೋರಿಸಿದ ಮೊದಲನೆಯ ಶಾಸನ ಇದೇ. ಹೊನ್ನನ್ನು ಹುಡುಕಲು ಹೋದವರು ಚಕ್ರವರ್ತಿಯ ಹೆಸರನ್ನು ಕಂಡುದು ಕಾಕತಾಳೀಯವೆಂದು ಮೊದಲು ತೋರುತ್ತದೆ. ವಿಚಾರಿಸಿ ನೋಡಿದರೆ ಹಾಗಲ್ಲ.

ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಕಂಡ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯಾಗಿದೆ. ಸುವರ್ಣಗಿರಿಯು ಮಸ್ಕಿಯೆಂದು ಕೆಲವರೂ ಕನಕಗಿರಿಯೆಂದು ಕೆಲವರೂ ವಾದಿಸಿರುತ್ತಾರೆ. ಈ ವಿವಾದವನ್ನು ಇಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಮೌರ್ಯರ ದಕ್ಷಿಣದ ಅಧಿಕಾರಸ್ಥಾನಕ್ಕೆ ಆ ಹೆಸರಿದ್ದುದೂ, ಅಶೋಕನ ಕಿರುಶಾಸನಗಳು ಹೊನ್ನಿನ ಸೀಮೆಯ ಆಸುಪಾಸಿನಲ್ಲಿ ಗುಂಪಾಗಿ ದೊರೆತಿರುವುದೂ ಗಮನಾರ್ಹ. ಆಲ್ಚಿನ್ ಎಂಬ ವಿದ್ವಾಂಸರು ೧೯೬೨ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಳನ್ನು ಕುರಿತು ಬರೆದ ಲೇಖನದಲ್ಲಿ ಈ ಸಂಬಂಧವನ್ನು ಚರ್ಚಿಸಿದ್ದಾರೆ. ಮಸ್ಕಿಗೆ ಹೆಚ್ಚು ದೂರವಲ್ಲದ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಗಣಿಯು ಸುಮಾರು ೬೪೦ ಅಡಿಗಳ ಆಳಕ್ಕೆ ಇಳಿದಿದ್ದಿತು. ಅದರೊಳಗೆ ದೊರೆತ ಮರದ ತುಂಡುಗಳನ್ನು ವಿಕಿರಣ ಇಂಗಾಲದ ಕ್ರಮದಿಂದ ಪರೀಕ್ಷಿಸಲಾಗಿ ಅವು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವೆಂದು ತಿಳಿದಿದೆ. ಕಲ್ಲಿಗೆ ಬೆಂಕಿಯಿಟ್ಟು ಕಾಯಿಸಿ ಬಿರಿಯುವಂತೆ ಮಾಡಿ ಅವರು ಅಷ್ಟು ಆಳಕ್ಕೆ ಹೋದರು.

ಆದುದರಿಂದ ಬೀಡನ್ನರು ಕೌಟಿಲ್ಯನು ಹೇಳಿದ ಮೊದಲನೆಯ ಬಗೆಯ ಗಣಿಯ ದಾರಿಯಲ್ಲಿಯೇ ನಡೆಯುತ್ತಿದ್ದರು. ಪ್ರಾಚೀನರ ಗುಂಡಿಗಳಿದ್ದಲ್ಲಿ ಪ್ರಾಚೀನರ ಆಳ್ವಿಕೆಯೂ ಇದ್ದಿತು, ಆಳ್ವಿಕೆಯಿದ್ದಲ್ಲಿ ಶಾಸನವಿದ್ದಿತು. ಆ ಶಾಸನವು ಅವರಿಗೆ ದೊರೆತುದರಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಕಾರಣವೇ ಇದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಹೊನ್ನಾಳಿ, ಹೊನ್ನವಳ್ಳಿ, ಕನಕಪುರ ಎಂಬ ಸ್ಥಳನಾಮಗಳನ್ನು ನೋಡಿದೊಡನೆ ಅಲ್ಲಿ ಹೊನ್ನಿದೆಯೆಂದು ಊಹಿಸುವ ಚಾಪಲ್ಯವು ನಮ್ಮಲ್ಲಿ ಹಲವರಿಗೆ ಉಂಟು. ಹೊನ್ನಾಳಿಯ ಸೀಮೆಯಲ್ಲಿ ಹೊನ್ನಿನ ಶಿಲಾಸಿರೆಗಳು ಇರುವುದು ನಿಜವೇ. ಆದರೆ ಊರಿಗೆ ಹೆಸರು ವ್ಯಕ್ತಿಯಿಂದ, ದೇವತೆಯಿಂದ, ಹೊನ್ನೆಯ ಮರದಿಂದಲೂ ಬಂದೀತು. ನವಿಲಿನ ಕೂಗನ್ನು ಮನುಷ್ಯನು ಅನುಕರಿಸಿದಂತೆಯೇ ಇದು, ಸಾದೃಶ್ಯದಿಂದಾದ ವ್ಯಭಿಚಾರ.

೪

ಇನ್ನು ಕೋಲಾರದ ವಿಷಯ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ರಾಜ್ಯದ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ನನು ೧೮೦೨ರಲ್ಲಿ ಆ ಕಡೆಯ ಮಣ್ಣಿನಲ್ಲಿ ಹೊನ್ನು ದೊರೆಯುವ ವದಂತಿಯನ್ನು ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನವನ್ನು ಸಾರಿದನು. ಉರಿಗಾಂ ಗ್ರಾಮದವರು ಗಾಡಿಯಲ್ಲಿ ಕೆಸರುಮಣ್ಣನ್ನು ತುಂಬಿ ತಂದು ಅವನ ಕಣ್ಣೆದುರಿಗೇ ತೊಳೆದು ಹೊನ್ನಿನ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಗ್ರಾಮಸ್ಥರು ಕಿರಿದಾದ ಗುಂಡಿಗಳಲ್ಲಿ ಇಳಿದು ಕಲ್ಲನ್ನು ಕೈಯಿಂದ ಕೈಗೆ ಬುಟ್ಟಿಗಳಲ್ಲಿ ಮೇಲಕ್ಕೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುವುದನ್ನೂ ಅವನು ಕಂಡನು. ಅವನ ವರದಿಯು ಕೆಲವು ಪುಟಗಳ ಲೇಖನವಾಗಿ ಅಚ್ಚಾಯಿತು. ಬಹುಕಾಲ ಅದನ್ನು ಯಾರೂ ಲಕ್ಷಿಸಲಿಲ್ಲ.

ನ್ಯೂಜಿಲೆಂಡಿನ ಯುದ್ಧದಿಂದ ಹಿಂದಿರುಗಿ ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸಿಪಾಯಿಯು ಆ ಲೇಖನವನ್ನು ೧೮೭೧ರಲ್ಲಿ ಓದಿ, ಎತ್ತಿನ ಗಾಡಿಯಲ್ಲಿ ಕೋಲಾರದ ಕಡೆಗೆ ಹೋಗಿ ನೋಡಿ ಬಂದನು. ೧೮೭೩ರಲ್ಲಿ ಸರ್ಕಾರಕ್ಕೆ ಅರ್ಜಿಯನ್ನು ಬರೆದು, ೧೮೭೫ರಲ್ಲಿ ಗಣಿಯನ್ನು ತೋಡುವ ಹಕ್ಕನ್ನು ಪಡೆದನು. ಹಣ ಸಾಲದೆ ಅವನ ಹಕ್ಕು ಬೇರೆಯವರ ಕೈಗೆ ಹೋಯಿತು. ೧೮೮೦ರ ಮೇಲೆ ಜಾನ್ ಟೇಲರ್ ಸಂಸ್ಥೆಯವರು ಬಂದರು. ಬಂಡವಾಳವು ಕರಗುತ್ತ ಬಂದು ಕೆಲಸವನ್ನು ನಿಲ್ಲಿಸುವ ಸ್ಥಿತಿಯಲ್ಲಿದ್ದಾಗ, ಮೈಸೂರು ಗಣಿಯಲ್ಲಿ ಪ್ರಾಚೀನರ ಗುಂಡಿಗಳನ್ನು ಹಿಡಿದು ಅವುಗಳ ತಳಕ್ಕಿಂತಲೂ ಕೆಳಗೆ ಇಳಿದುದರಿಂದ ಚಾಂಪಿಯನ್ ಎಂಬ ಶಿಲಾಸಿರೆಯು ಕೈಗೆ ಸಿಕ್ಕಿತು. ಮುಂದಿನ ಕಥೆಯು ಎಲ್ಲರಿಗೂ ತಿಳಿದುದು: ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ, ಮೂರು ಕಿಲೋಮೀಟರಿಗೂ ಮಿಕ್ಕ ಆಳ, ಸುಮಾರು ೮೦೦ ಟನ್ ಹೊನ್ನು, ಕೊನೆಗೆ ೨೦೦೧ರ ಫೆಬ್ರವರಿ ೨೮ರಂದು ಗಣಿಗಳ ಮುಚ್ಚುಗಡೆ.

ಈ ಪರಂಪರೆಯಲ್ಲಿ ವಾರೆನ್, ಲವೆಲ್, ಟೇಲರ್ ಎಂಬ ಹೆಸರುಗಳು ಉಳಿದುಬಂದಿವೆ. ಗಾಡಿಯಲ್ಲಿ ಮಣ್ಣನ್ನು ತಂದ ಉರಿಗಾಮಿನವರ ಹೆಸರುಗಳನ್ನು ವಾರೆನ್ನನ ಲೇಖನವನ್ನು ಆಧರಿಸಿ ಬರೆದ ಚರಿತ್ರೆಗಳಲ್ಲಿ ಕಾಣುವುದಿಲ್ಲ. ವಾರೆನ್ನನು ಹೊನ್ನನ್ನು ಹುಡುಕಲಿಲ್ಲ. ಹೊನ್ನನ್ನು ಬಲ್ಲವರನ್ನು ಹುಡುಕಿದನು. ಯಾವ ಹಳ್ಳದ ಯಾವ ತಿರುವಿನ ಮಣ್ಣನ್ನು ತುಂಬಬೇಕೆಂಬುದನ್ನು ನಿಶ್ಚಯಿಸಿದವರು ಗ್ರಾಮಸ್ಥರೇ. ಇಂದಿನ ವಿಜ್ಞಾನಿಯು ಮಾದರಿಯನ್ನು ಸಂಗ್ರಹಿಸುವಾಗ ಇದಕ್ಕಿಂತ ಮುಖ್ಯವಾದ ನಿಶ್ಚಯವು ಬೇರೊಂದಿಲ್ಲ.

೫

ಗದಗ ಸೀಮೆಯ ಕಪ್ಪತಗುಡ್ಡವನ್ನು ಹಿಂದಿನ ಭೂವಿಜ್ಞಾನಿಗಳು ಡಂಬಳದ ಬೆಟ್ಟಗಳೆಂದು ಕರೆಯುತ್ತಿದ್ದರು. ರಾಬರ್ಟ್ ಬ್ರೂಸ್ ಫುಟ್ ಅವರು ಅಲ್ಲಿಯ ಹೊನ್ನಿನ ಶಿಲೆಗಳನ್ನು ಕುರಿತು ೧೮೭೪ರಲ್ಲಿ ಲೇಖನವನ್ನು ಪ್ರಕಟಿಸಿದರು. ೧೮೬೩ರಲ್ಲಿ ಪಲ್ಲಾವರದಲ್ಲಿ ಶಿಲಾಯುಗದ ಕೊಡಲಿಯನ್ನು ಕಂಡು ನಮ್ಮ ಪ್ರಾಗಿತಿಹಾಸಕ್ಕೆ ಅಡಿಗಲ್ಲನ್ನಿಟ್ಟವರೂ, ಮುಂದೆ ಧಾರವಾಡ ಶಿಲಾವರ್ಗಕ್ಕೆ ಆ ಹೆಸರನ್ನು ಕೊಟ್ಟವರೂ ಇವರೇ. ಆ ಬೆಟ್ಟಗಳ ಹಳ್ಳಗಳಲ್ಲಿ ಮರದ ಮರಿಗೆಯನ್ನು ಹಿಡಿದು ಮರಳನ್ನು ತೊಳೆದು ಹೊನ್ನನ್ನು ತೆಗೆಯುತ್ತಿದ್ದವರನ್ನು ಅಲ್ಲಿಯ ಜನರು ಜಲಗಾರರೆಂದು ಕರೆಯುತ್ತಿದ್ದರು. ೨೦ನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿ ಮುಂತಾದೆಡೆಗಳಲ್ಲಿ ಕಂಪೆನಿಗಳು ಗಣಿಗಳನ್ನು ತೋಡಿ ಕೆಲವು ವರ್ಷಗಳಲ್ಲಿಯೇ ಮುಚ್ಚಿದುವು.

ಜಲಗಾರನೆಂಬ ಪದವು ಸಾಹಿತ್ಯಾಧ್ಯಾಪಕರಿಗೆ ಬೇರೆ ಕಾರಣದಿಂದ ಪರಿಚಿತವಾಗಿದೆ. ಕುವೆಂಪು ಅವರ ೧೯೨೮ರ ನಾಟಕದ ಹೆಸರು ಅದೇ. ಅಲ್ಲಿ ಜಲಗಾರನು ಬೀದಿಯನ್ನು ಗುಡಿಸುವವನು. ಹೊನ್ನನ್ನು ತೊಳೆಯುವವನಿಗೂ ಕಸವನ್ನು ಗುಡಿಸುವವನಿಗೂ ಒಂದೇ ಹೆಸರು ಹೇಗೆ ಬಂದಿತು? ಬೆಂಗಳೂರಿನ ನಗರ್ತಪೇಟೆಯ ಅಕ್ಕಸಾಲೆಯವರ ಬೀದಿಗಳನ್ನು ನೋಡಿದವರಿಗೆ ಉತ್ತರವು ಹೊಳೆಯುತ್ತದೆ. ಅಂಗಡಿಗಳ ಮುಂದಣ ಧೂಳನ್ನು ಗುಡಿಸಿ, ಚರಂಡಿಯ ಕೆಸರನ್ನು ಬಾಚಿ, ತಟ್ಟೆಯಲ್ಲಿ ತೊಳೆದು ಹೊನ್ನಿನ ಪುಡಿಯನ್ನು ಆಯುವವರು ಅಲ್ಲಿ ಉಂಟು. ಗುಡಿಸುವುದೂ ತೊಳೆಯುವುದೂ ಅವರಲ್ಲಿ ಒಂದೇ ಕಸುಬು. ಪದದ ನಿಷ್ಪತ್ತಿಯನ್ನು ಜಲಶಬ್ದದಿಂದ ಹೇಳುವುದು ಸುಲಭ. ನನಗಾದರೋ ಅಕ್ಕಿ ರಾಗಿಗಳನ್ನು ನೀರಿನಲ್ಲಿ ಅಲುಗಿಸಿ ಕಲ್ಲನ್ನು ಬೇರ್ಪಡಿಸುವುದಕ್ಕೆ ಹೆಂಗಸರು ಹೇಳುವ 'ಜಾಲಿಸು' ಎಂಬ ಮಾತಿನ ಸಂಬಂಧವೂ ಇರಬಹುದೆಂದು ತೋರುತ್ತದೆ. ಭಾರವಾದುದು ತಳದಲ್ಲಿ ನಿಲ್ಲುವುದು, ಹಗುರವಾದುದು ನೀರಿನೊಡನೆ ಹೋಗುವುದು: ಅಡಿಗೆಮನೆಯಲ್ಲಿ ಕಲ್ಲು ಉಳಿದು ಅಕ್ಕಿ ಹೊರಬರುತ್ತದೆ, ಹಳ್ಳದಲ್ಲಿ ಮರಳು ಹೋಗಿ ಹೊನ್ನು ಉಳಿಯುತ್ತದೆ. ಈ ನಿಷ್ಪತ್ತಿಯನ್ನು ಶಬ್ದಶಾಸ್ತ್ರಜ್ಞರು ಪರಿಶೀಲಿಸಬೇಕು. ಹೇಗಾದರೂ ಆಗಲಿ, ನೆಲದ ಗುಟ್ಟನ್ನು ಬಲ್ಲವನ ಹೆಸರು ಲೋಕವ್ಯವಹಾರದಲ್ಲಿ ಇಳಿಜಾರಿನಲ್ಲಿ ಸಾಗಿ, ಜನರು ದೂರ ನಿಲ್ಲಿಸುವವನ ಹೆಸರಾಗಿ ಉಳಿದುದನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ನಮ್ಮ ಚರಿತ್ರೆಯು ತೊಳೆದು ಚೆಲ್ಲಿದ ನೀರಿನಲ್ಲಿ ಹೊನ್ನೂ ಹೋಗಿರುವುದುಂಟು.

೬

ಇದುವರೆಗೆ ಹೇಳಿದ ಅನುಮಾನಕ್ಕೆಲ್ಲ ಒಂದು ಆಧಾರವಿದೆ: ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಹಳ್ಳದ ಮಡ್ಡಿಯಲ್ಲಿ ಹೊನ್ನು ದೊರೆತರೆ ಹಳ್ಳವನ್ನು ಹಿಡಿದು ಮೇಲಕ್ಕೆ ಹೋಗಬೇಕು. ಕವಲೊಡೆದಲ್ಲಿ ಎರಡು ಕವಲುಗಳ ಮಡ್ಡಿಯನ್ನೂ ಪರೀಕ್ಷಿಸಿ ಹೊನ್ನುಳ್ಳ ಕವಲನ್ನು ಹಿಡಿಯಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ೨೦೦೧ರಲ್ಲಿ ಆರಂಭಿಸಿದ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆಯ ಕಾರ್ಯದಲ್ಲಿ ದೇಶವನ್ನು ಚೌಕಗಳಾಗಿ ವಿಂಗಡಿಸಿ ಹಳ್ಳಗಳ ಮಡ್ಡಿಯನ್ನು ಸಂಗ್ರಹಿಸಿ ಪರೀಕ್ಷಿಸುತ್ತಿರುವುದು ಈ ಆಧಾರದ ಮೇಲೆಯೇ. ಹಟ್ಟಿಯಂತಹ ಕಡೆಗಳಲ್ಲಿ ಹೊನ್ನಿನ ಸಂಗಡ ಪಾಷಾಣದ, ಎಂದರೆ ಆರ್ಸೆನಿಕ್ಕಿನ, ಖನಿಜವೂ ಇರುವುದರಿಂದ ಹೊನ್ನಿಗಿಂತ ಸುಲಭವಾಗಿ ಗುರುತಾಗುವ ಅದನ್ನೂ ಚಿಹ್ನವಾಗಿ ಹಿಡಿಯುತ್ತಾರೆ. ತೇಲಿ ಬರುವ ಎಲೆ ಕಟ್ಟಿಗೆಗಳಂತೆ ಅದು ವಿಶೇಷಣ.

ಹಿಮದೇಶಗಳಲ್ಲಿ ಈ ಆಧಾರವೇ ತಪ್ಪುತ್ತದೆ. ಕೆನಡಾ, ಫಿನ್ಲೆಂಡ್, ಸ್ವೀಡನ್ ಮುಂತಾದ ದೇಶಗಳನ್ನು ಹಿಂದಿನ ಹಿಮಯುಗದಲ್ಲಿ ಬಹು ದಪ್ಪನಾದ ಹಿಮರಾಶಿಯು ಮುಚ್ಚಿದ್ದಿತು. ಅದು ತನ್ನ ಭಾರದಿಂದ ನಿಧಾನವಾಗಿ ಸರಿಯುತ್ತ, ಕೆಳಗಿನ ಶಿಲೆಯನ್ನು ಉಜ್ಜಿ ಕಿತ್ತು, ಕಲ್ಲು ಮರಳು ಜೇಡಿಗಳನ್ನು ಒಂದಾಗಿ ಬೆರಸಿ ದೂರಕ್ಕೆ ಒಯ್ದು ಬಿಟ್ಟಿತು. ಈ ಬೆರಕೆಯ ಮಣ್ಣಿಗೆ ಟಿಲ್ ಎಂದು ಹೆಸರು. ಹಿಮವು ಹೊಳೆಯಂತೆ ಕಣಿವೆಯನ್ನೇ ಅನುಸರಿಸಬೇಕಾದುದಿಲ್ಲ. ದಿಣ್ಣೆಗಳನ್ನು ಏರಿಯೂ ಹೋಗುತ್ತದೆ. ಆ ಟಿಲ್ಲಿನ ಮೇಲೆ ಈಗ ಹರಿಯುವ ಹೊಳೆಯಲ್ಲಿ ಹೊನ್ನು ದೊರೆತರೆ ಅದರ ಮೂಲವು ಹೊಳೆಯ ಮೇಲುಭಾಗದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಸೂತ್ರಕಾರನು ಶಂಕಿಸಿದ ವ್ಯಭಿಚಾರವು ಇಲ್ಲಿ ಪ್ರತ್ಯಕ್ಷವಾಗಿ ಎದುರು ನಿಲ್ಲುತ್ತದೆ.

ಅಲ್ಲಿಯವರು ಮಾಡಿದ ಪರಿಹಾರವೂ ಭಾಷ್ಯಕಾರನು ಹೇಳಿದುದೇ: ಹೇತುವಿಗೆ ವಿಶೇಷಣವನ್ನು ಸೇರಿಸಿದರು. ಮೊದಲನೆಯದಾಗಿ ದಿಕ್ಕು. ಹಿಮವು ಬಂಡೆಗಳ ಮೇಲೆ ಗೀರಿದ ಗೆರೆಗಳಿಂದ ಅದು ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತೆಂಬುದನ್ನು ನಿಶ್ಚಯಿಸಿ, ಹೊಳೆಯ ಹರಿವನ್ನು ಬಿಟ್ಟು ಹಿಮದ ಹರಿವಿಗೆ ಎದುರಾಗಿ ನಡೆಯುತ್ತಾರೆ. ಫಿನ್ಲೆಂಡಿನಲ್ಲಿ ೧೯೦೮ರಲ್ಲಿ ಕಾಲುವೆಯನ್ನು ತೋಡುವಾಗ ದೊರೆತ ತಾಮ್ರದ ಅದಿರಿನ ಒಂದೇ ಬಂಡೆಯನ್ನು ಹಿಡಿದು, ಟ್ರುಸ್ಟೆಟ್ ಎಂಬ ಇಂಜಿನಿಯರು ವಾಯವ್ಯದ ಕಡೆಗೆ ಸುಮಾರು ೫೦ ಕಿಲೋಮೀಟರು ಹುಡುಕುತ್ತ ಹೋಗಿ ೧೯೧೦ರಲ್ಲಿ ಔಟೊಕುಂಪು ಎಂಬಲ್ಲಿ ಅದರ ಮೂಲವನ್ನು ಕಂಡನು. ಎರಡನೆಯದು ಆಳ. ಮೇಲಿನ ಪದರವು ದೂರದಿಂದ ಬಂದಿರಬಹುದು. ತಳದ ಟಿಲ್ ಸಾಮಾನ್ಯವಾಗಿ ಹತ್ತಿರದ ಶಿಲೆಯ ಮಗುವಾಗಿರುತ್ತದೆ. ಆದುದರಿಂದ ಕೊರೆದು ತಳದ ಮಣ್ಣನ್ನೇ ತೆಗೆಯುತ್ತಾರೆ. ಮೂರನೆಯದು ಕಣದ ಆಕಾರ. ಹತ್ತು ಕಿಲೋಗ್ರಾಮಿನಷ್ಟು ಮಣ್ಣನ್ನು ಜಾಲಿಸಿ ತೆಗೆದ ಹೊನ್ನಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೂಲೆಗಳು ಮಾಸದ ಕಣವು ಹತ್ತಿರದಿಂದ ಬಂದುದು, ಅಂಚು ಮಡಿಸಿದುದು ಸ್ವಲ್ಪ ದೂರದಿಂದ, ಉರುಟಾದುದು ಬಹುದೂರದಿಂದ. ಕೆನಡಾದ ಡಿಲಾಬಿಯೊ ಎಂಬ ಭೂವಿಜ್ಞಾನಿಯು ಈ ಮೂರು ವರ್ಗಗಳನ್ನು ೧೯೯೦ರಲ್ಲಿ ವಿವರಿಸಿದನು. ನಾಲ್ಕನೆಯದು ಮಾದರಿಯ ಪ್ರಮಾಣ. ಹೊನ್ನು ಮಣ್ಣಿನಲ್ಲಿ ಉಪ್ಪಿನಂತೆ ಕರಗಿ ಹರಡಿರುವುದಿಲ್ಲ, ಬಿಡಿ ಕಣಗಳಾಗಿರುತ್ತದೆ. ಒಂದು ಚಿಟಿಕೆ ಮಣ್ಣಿನಲ್ಲಿ ಅಕಸ್ಮಾತ್ತಾಗಿ ಒಂದು ಕಣವಿದ್ದರೆ ಮಹಾನಿಧಿಯೆಂಬ ಭ್ರಾಂತಿಯೂ, ಇಲ್ಲದಿದ್ದರೆ ಏನೂ ಇಲ್ಲವೆಂಬ ಭ್ರಾಂತಿಯೂ ಉಂಟಾಗುವುವು. ಹೆಚ್ಚು ಮಣ್ಣನ್ನು ತೆಗೆದು ಮರಳಿ ಮರಳಿ ಪರೀಕ್ಷಿಸುವುದೇ ಇದಕ್ಕೆ ಪರಿಹಾರ.

ಭಾರತಕ್ಕೆ ಹಿಮಾನೀ ನಿಕ್ಷೇಪಗಳು ಅಪರಿಚಿತವಲ್ಲ. ಒಡಿಶಾದ ತಾಲ್ಚೇರಿನ ಬಂಡೆಪದರಗಳು ಸುಮಾರು ೩೦ ಕೋಟಿ ವರ್ಷಗಳ ಹಿಂದಣ ಹಿಮದ ಕೆಲಸವೆಂದು ೧೮೫೬ರಲ್ಲಿಯೇ ಬ್ಲಾನ್‌ಫರ್ಡ್ ಸೋದರರು ಗುರುತಿಸಿದರು. ಕೋಲಾರ ಹಟ್ಟಿಗಳಲ್ಲಿಯಾದರೋ ಇತ್ತಣ ಹಿಮಯುಗದ ಟಿಲ್ ಇಲ್ಲ. ಶಿಲೆಯು ನಿಂತಲ್ಲಿಯೇ ಶಿಥಿಲವಾಗಿ ಮಣ್ಣಾಗಿದೆ. ಜಲಗಾರನ ಅನುಮಾನವು ಇಲ್ಲಿ ಸರಿಯಾಗುತ್ತ ಬಂದುದಕ್ಕೆ ನೆಲದ ಈ ಸ್ವಭಾವವೂ ಒಂದು ಕಾರಣ.

೭

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ನಮ್ಮ ನಾಡಿನ ಹೊನ್ನಿನ ಗಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿ ಕಂಡುವಲ್ಲ; ಪ್ರಾಚೀನರ ಗುಂಡಿಗಳು ಮತ್ತು ಹಳ್ಳ ತೊಳೆಯುವವರ ಅನುಭವ ಎಂಬ ಎರಡು ಲಿಂಗಗಳಿಂದ ಮರಳಿ ತಿಳಿದುಬಂದುವು. ಆ ಲಿಂಗಗಳಿಂದ ಮೂಲವನ್ನು ಸೇರುವ ಕ್ರಮವು ಶೇಷವದನುಮಾನವೇ. ಆ ಅನುಮಾನಕ್ಕೆ ದೋಷವು ಬರುವ ದೇಶಗಳಲ್ಲಿ ಅದನ್ನು ಬಿಡದೆ, ಹೇತುವನ್ನು ಪರಿಷ್ಕರಿಸಿ ಕಾಪಾಡಿಕೊಂಡಿದ್ದಾರೆ. ಶಾಸನಗಳನ್ನೂ ಪದಗಳನ್ನೂ ಪಾಠಾಂತರಗಳನ್ನೂ ಹಿಡಿದು ಮೂಲವನ್ನು ಅರಸುವ ನಾವೂ ಇದೇ ಕೆಲಸವನ್ನು ಮಾಡುವವರಾದುದರಿಂದ, ನಮ್ಮ ಕೈಗೆ ಬಂದ ಕಣವು ನೀರಿನಿಂದ ಬಂದಿತೋ ಹಿಮದಿಂದ ಬಂದಿತೋ, ಅದರ ಅಂಚು ಮಾಸಿದೆಯೋ ಇಲ್ಲವೋ ಎಂದು ಕೇಳಿಕೊಳ್ಳುವುದು ಯುಕ್ತ.

ಕಪ್ಪತಗುಡ್ಡದ ಸುತ್ತಣ ಹಳ್ಳಿಗಳಲ್ಲಿ ಜಲಗಾರರ ಮನೆತನಗಳಲ್ಲಿ ಉಳಿದಿರಬಹುದಾದ ಮಾತುಗಳನ್ನು, ಎಂದರೆ ಮರಿಗೆಯ ಭಾಗಗಳ ಹೆಸರು, ಮಣ್ಣಿನ ಬಗೆಗಳ ಹೆಸರು, ತೊಳೆಯುವ ಹದಗಳ ಹೆಸರು ಇವುಗಳನ್ನು, ಸಮೀಪದ ಅಧ್ಯಾಪಕರು ಸಂಗ್ರಹಿಸಿದರೆ ಭಾಷೆಗೂ ಚರಿತ್ರೆಗೂ ಉಪಕಾರವಾಗುವುದು. ಜಲಗಾರಪದದ ನಿಷ್ಪತ್ತಿಯಲ್ಲಿ ನಾನು ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.